ಸೂಜಿಯಕ್ಕ ಹೊಲಿದ ದೋಣಿ

ಅನ್ನ ಮಾಡುವ ದೊಡ್ಡ ಪಾತ್ರೆಯಲ್ಲಿ ಪ್ಲೈವುಡ್ ಕುದಿಯುತ್ತಿತ್ತು.

ಕಾರ್ಖಾನೆಯಿಂದ ಓಡೋಡಿ ಬಂದವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮುಚ್ಚಳ ತಟತಟ ಕುಣಿಯುತ್ತಿತ್ತು. ಬೆಂದ ಅಂಟಿನ ವಾಸನೆ ಗೋಡೆಗೂ ಪರದೆಗೂ ಹತ್ತಿಕೊಂಡಿತ್ತು. ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತಿದ್ದ ಗಂಡ, ಕನ್ನಡಕವನ್ನು ಹಣೆಗೇರಿಸಿ, ಬೇಯಿಸಿ ತೆಗೆದ ಅಂಗೈಯಗಲದ ಒಂದು ತುಂಡಿನ ಅಂಚಿಗೆ ಉಗುರು ತೂರಿಸಿ, ಪದರ ಬಿಡುತ್ತದೋ ಇಲ್ಲವೋ ಎಂದು ನೋಡುತ್ತಿದ್ದ.

"ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದಿದೆಯಂತೆ. ತಮ್ಮ ಫೋನ್ ಮಾಡಿದ್ದ," ಎಂದಳು.

"ಅಯ್ಯಯ್ಯೋ!" ಎಂದ ಅವನು. ನಿಜವಾಗಿಯೇ ನೊಂದುಕೊಂಡ, ಆಸಾಮಿ ಕೆಟ್ಟವನಲ್ಲ. ಆದರೆ ಕೈಯಲ್ಲಿದ್ದ ತುಂಡನ್ನು ಮಾತ್ರ ಕೆಳಗಿಡಲಿಲ್ಲ. "ನೋಡು, ಇದಕ್ಕೇ ನಾನು ಬಡ್ಕೊಳ್ಳೋದು. ದೋಣಿ ಇದ್ದಿದ್ರೆ ಇಷ್ಟೊತ್ತಿಗೆ ಆ ದಡದಲ್ಲಿರ್ತಿದ್ವಿ. ಆದ್ರೆ ಆತುರ ಪಡಬಾರದು. ಮರ ಸರಿಯಾಗಿ ಆರಿಸಿದ್ರೆ ಅರ್ಧ ದೋಣಿ ಕಟ್ಟಿದ ಹಾಗೇ."

ಅವಳು ಮಸಿಬಟ್ಟೆ ಹಿಡಿದು ಪಾತ್ರೆ ಎತ್ತಿದಳು, ಹಿತ್ತಲಿಗೆ ಹೋದಳು, ಕುದಿಯುವ ನೀರಿನ ಸಮೇತ ಎಲ್ಲವನ್ನೂ ಮೋರಿಗೆ ಸುರಿದಳು.

"ಅದಕ್ಕೆ ಗುರುತು ಹಾಕಿಟ್ಟಿದ್ದೆ ಕಣೇ! ಯಾವುದು ಯಾವ ಅಂಗಡೀದು ಅಂತ ಈಗ ಹೇಗೆ ಗೊತ್ತಾಗ್ಬೇಕು?" ಎಂದು ಅವನು ಹಿಂದೆಯೇ ಓಡಿಬಂದ. ಅಷ್ಟರಲ್ಲಿ ಅವಳು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಾಗಿತ್ತು.

ಹಾಸಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೂಜಿಯಕ್ಕ ಎಂದು. ಹಾಸಿಗೆಯ ನಾಲ್ಕೂ ಅಂಚುಗಳಿಗೆ ದಪ್ಪ ದಾರದ ಹೊಲಿಗೆ ಹಾಕುವ ಕೆಲಸ ಅವಳದು. ಬಾಳೆಕಾಯಿಯಂತೆ ಬಾಗಿದ, ಗೇಣುದ್ದದ ಸೂಜಿ. ಒಂದು ಕಡೆ ಚುಚ್ಚಿ ಇನ್ನೊಂದು ಕಡೆ ಎಳೆಯುವಾಗ ಇಡೀ ತೋಳು ಬೇಕು. ವರ್ಷಗಟ್ಟಲೆ ಎಳೆದೆಳೆದು ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಹೆಸರು ಬಂದದ್ದು ಕೈಯ ಸೂಜಿಯಿಂದಲೋ ನಾಲಿಗೆಯ ಸೂಜಿಯಿಂದಲೋ ಎನ್ನುವುದರ ಬಗ್ಗೆ ಮಾತ್ರ ಕಾರ್ಖಾನೆಯಲ್ಲಿ ಎರಡು ಪಕ್ಷಗಳಿದ್ದವು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಮನೆಗೆ ತಂದ ತರಕಾರಿಯಲ್ಲಿ ಒಂದು ಕೊಳೆತದ್ದು ಸಿಕ್ಕಿದರೂ ತಿರುಗಿ ಹೋಗಿ ಅಂಗಡಿಯವನ ಕೈಗೇ ಇಟ್ಟು ಬರುವ ಹೆಂಗಸು.

ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿನ ಮುಂದೆ ಒಂದೊಂದೇ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಅದಾ? ಈಗ? ಮೊದಲಿನದ್ದಾ?" ಎಂದು ದಿನವಿಡೀ ಕೇಳುವುದು. ಆ ಚಾಳಿ ಅಂಗಡಿಗೆ ಬೀಗ ಹಾಕಿದ ಮೇಲೂ ಬಿಡುತ್ತಿರಲಿಲ್ಲ. ಮದುವೆಗೆ ಮುಂಚೆ ಅವಳನ್ನು ನೋಡಲು ಮೂರು ಸಲ ಬಂದಿದ್ದ. ಮೂರನೆಯ ಸಲ ಅವಳ ಅಮ್ಮ, "ಇನ್ನೊಂದ್ಸಲ ಬಂದ್ರೆ ನಾನೇ ಬೇಡ ಅಂತೀನಿ," ಎಂದದ್ದಕ್ಕೆ ಹೆದರಿ ಒಪ್ಪಿಕೊಂಡವನು.

ಅವರ ಮನೆಯ ಮಾಳಿಗೆ ಹತ್ತಿದರೆ ಹಿನ್ನೀರಿನ ಆಚೆ ದಡ ಕಾಣುತ್ತಿತ್ತು. ಅಲ್ಲಿ ತಮ್ಮನ ಮನೆ, ತಮ್ಮನ ಜೊತೆ ಅಮ್ಮ. ಮೊದಲು ಆಚೀಚೆ ಹೋಗಲು ಒಂದು ಲಾಂಚ್ ಇತ್ತು. ಎಲ್ಲೋ ದೂರದಲ್ಲಿ ಸೇತುವೆ ಕಟ್ಟಿದ ಮೇಲೆ ಲಾಂಚ್ ನಿಂತುಹೋಯಿತು. ಅಲ್ಲಿಂದ ಮುಂದೆ, ಎದುರಿಗೆ ಕಾಣುವ ಮನೆಗೆ ಹೋಗಲು ಎರಡು ಬಸ್ಸು ಹಿಡಿದು, ಅರ್ಧ ಊರು ಸುತ್ತಿ, ಮೀನು ಮಾರ್ಕೆಟ್ಟಿನ ಬಳಿ ಇಳಿದು ನಡೆಯಬೇಕು. ಲಾಂಚ್ ನಿಂತ ವಾರವೇ ಗಂಡ ಎದೆ ತಟ್ಟಿ ಹೇಳಿದ್ದ: "ಯೋಚ್ನೆ ಮಾಡ್ಬೇಡ. ನಾನೇ ಒಂದು ಸಣ್ಣ ದೋಣಿ ಕಟ್ತೀನಿ. ಸಂಜೆ ಹೊತ್ತು ಅಮ್ಮನ್ನ ನೋಡ್ಕೊಂಡು ಬರ್ಬಹುದು." ಅವಳಿಗೆ ಆಗ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆಗ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಮಗಳಿಗೆ ಅಮ್ಮನ ಚಪ್ಪಲಿ ಚಿಕ್ಕದಾಗುತ್ತದೆ.

ದೋಣಿ ಬರಲಿಲ್ಲ, ದೋಣಿಯ ಸಾಮಾನು ಬಂತು. ಅದೂ ಚೂರು ಚೂರಾಗಿ. ತೇಗದ ತುಂಡು ಬಂತು; ಗಟ್ಟಿ, ಆದರೆ ಭಾರ, ಮೇಲಾಗಿ ಅದರ ಎಣ್ಣೆಗೆ ಅಂಟು ಹಿಡಿಯುವುದಿಲ್ಲ. ದೇವದಾರು ಬಂತು, ಹಗುರ, ಆದರೆ ಗಂಟು ಜಾಸ್ತಿ. ಮಂಚದ ಕೆಳಗೆ ಅಲ್ಯೂಮಿನಿಯಂ ತಗಡು ಸೇರಿತು. ಬೆಸುಗೆ ಹಾಕುವವರು ಸರಿಯಿಲ್ಲವೆಂದು ಅಲ್ಲೇ ಉಳಿಯಿತು. ಕಿಟಕಿಯ ಕಟ್ಟೆಯ ಮೇಲೆ ಉಪ್ಪುನೀರಿನ ಸೀಸೆಗಳು, ಪ್ರತಿ ಸೀಸೆಯಲ್ಲೂ ಒಂದೊಂದು ಜಾತಿಯ ಸ್ಕ್ರೂ. ಕಬ್ಬಿಣದ್ದು ತುಕ್ಕು ಹಿಡಿದು ನೀರು ಕೆಂಪಾಯಿತು, ಹಿತ್ತಾಳೆಯದು ಹಸಿರಾಯಿತು. ಸ್ಟೀಲಿನದು ಏನೂ ಆಗಲಿಲ್ಲ. ಏನೂ ಆಗದ ಕಾರಣಕ್ಕೇ ಅವನಿಗೆ ಅದರ ಮೇಲೆ ಅನುಮಾನ. "ಇನ್ನೂ ಸ್ವಲ್ಪ ದಿನ ನೋಡೋಣ," ಎಂದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತಾರಲ್ಲ. ಈತ ಕುಲಾವಿಯನ್ನೂ ಹೊಲಿಸಲಿಲ್ಲ, ಬಟ್ಟೆಯನ್ನೇ ಆರಿಸುತ್ತಿದ್ದ.

ಬೀದಿಯವರು ಅವನಿಗೆ ಹಡಗಪ್ಪ ಎಂದು ಹೆಸರಿಟ್ಟರು. ಸಹಜವಾಗಿ ಅವಳು ಹಡಗಮ್ಮನಾದಳು. ನಲ್ಲಿಯ ಬಳಿ ಮೊದಲ ಸಲ ಆ ಹೆಸರು ಕಿವಿಗೆ ಬಿದ್ದ ದಿನ ಅವಳು ತುಂಬಿದ ಕೊಡವನ್ನು ಅಲ್ಲೇ ಕುಕ್ಕಿ ಬಂದಿದ್ದಳು.

ಅಮ್ಮ ಬಿದ್ದ ಮೇಲೆ ದಿನಚರಿ ಬೇರೆಯಾಯಿತು. ಕಾರ್ಖಾನೆ ಬಿಟ್ಟ ಕೂಡಲೇ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸಿ, ಇನ್ನೇನು ನಾಲ್ಕು ಮಾತಾಡೋಣ ಎನ್ನುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತು. ತಮ್ಮ ಗೋಡೆಗೊರಗಿ ನಿಂತು ನೋಡುತ್ತಿದ್ದ. ಅಮ್ಮನ ಕೆಲಸ ಮಗಳದೇ ಎಂಬುದು ಅವನಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

"ಬಂದ್ಯಾ, ಹೊರಟ್ಯಾ," ಎನ್ನುತ್ತಿದ್ದಳು ಅಮ್ಮ ಮಲಗಿದಲ್ಲಿಂದಲೇ. "ನೀನು ಬಂದಿದ್ದೋ ಬಸ್ಸು ಬಂದಿದ್ದೋ?"

ಅವಳ ಕೋಪ ಆಗ ಅಮ್ಮನ ಮೇಲೂ ಹರಿಯಿತು, ತಮ್ಮನ ಮೇಲೂ, ಚಿಲ್ಲರೆ ಕೊಡದ ಕಂಡಕ್ಟರನ ಮೇಲೂ. ಕಿಟಕಿಯ ಸೀಟಿನಲ್ಲಿ ಕುಳಿತರೆ ದಾರಿಯುದ್ದಕ್ಕೂ ಹಿನ್ನೀರು ಜೊತೆಜೊತೆಗೇ ಬರುತ್ತಿತ್ತು, ಅಣಕಿಸಿದ ಹಾಗೆ.

ಒಂದು ಭಾನುವಾರ ಅವಳು ನೇರ ಪ್ಲೈವುಡ್ ಅಂಗಡಿಗೆ ನಡೆದಳು. ಅಂಗಡಿಯವನು ಗುರುತು ಹಿಡಿದು ನಕ್ಕ.

"ಓಹೋ, ಹಡಗಪ್ಪನವರ ಮನೆಯವರು! ಹೊಸ ಸ್ಯಾಂಪಲ್ ಬಂದಿದೆ, ಒಯ್ತೀರಾ?"

"ಸ್ಯಾಂಪಲ್ ಬೇಡ. ಹಲಗೆ ಬೇಕು. ಇಡೀ ಹಲಗೆ."

ಅವನ ನಗು ಅರ್ಧಕ್ಕೇ ನಿಂತಿತು. "ಅವರು ಒಪ್ಪಿದ್ರಾ? ಅವರನ್ನೇ ಕಳಿಸಿ ಅಮ್ಮ. ಇದೆಲ್ಲ ತಿಳಿದು ತಗೊಳ್ಳೋ ವಸ್ತು. ಆಮೇಲೆ ವಾಪಸ್ ತರೋದು, ಜಗಳ ಆಡೋದು…"

"ನನ್ನ ದುಡಿಮೆ, ನನ್ನ ದೋಣಿ. ಅವರ್ಯಾಕೆ ಒಪ್ಬೇಕು? ನೀವು ಮಾರೋಕೆ ಕೂತಿದ್ದೀರೋ, ನನ್ನ ಗಂಡನ್ನ ವಿಚಾರಿಸೋಕೆ ಕೂತಿದ್ದೀರೋ?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿದರು. ಅಂಗಡಿಯವನು ತೆಪ್ಪಗೆ ಒಳಗೆ ಕರೆದೊಯ್ದ. ಮೂರು ಬಗೆಯ ಹಲಗೆ ತೋರಿಸಿದ. ಒಂದು ಕಪಾಟಿಗೆ ಮಾಡಿದ್ದು, ನೀರು ಕಂಡರೆ ಉಬ್ಬುತ್ತದೆ. ಒಂದು ಮಳೆಗಾಳಿಗೆ ತಡೆಯುವಂಥದ್ದು. ಮೂರನೆಯದು ದೋಣಿಗೆಂದೇ ಮಾಡಿದ್ದು, ಆರ್ಡರ್ ಕೊಟ್ಟು ಕಾಯಬೇಕು.

ಕಾಯಬೇಕು ಎಂಬ ಶಬ್ದ ಕೇಳಿದ್ದೇ ತಡ, ಅವಳು ಎರಡನೆಯದರ ಮೇಲೆ ಅಂಗೈ ಬಡಿದಳು. "ಇದೇ."

ಕೈಗಾಡಿಯಲ್ಲಿ ಹಲಗೆಗಳು ಮನೆಗೆ ಬಂದಾಗ ಗಂಡನ ಮುಖ ಬಿಳಿಚಿಹೋಯಿತು. ಸಾವಿನ ಸುದ್ದಿ ಕೇಳಿದವನಂತೆ ಹಲಗೆಯ ಅಂಚು ಸವರಿದ.

"ಇದನ್ನ ನಾನು ಕುದಿಸಿ ನೋಡಿದ್ದೀನಿ. ಮೂಲೇಲಿ ಉಗುರು ಹೋಗೋಷ್ಟು ಬಿಡ್ತು."

"ದೋಣಿನ ಯಾರ್ರೀ ಕುದಿಸ್ತಾರೆ?"

"ಅದು ಪರೀಕ್ಷೆ ಕಣೇ. ಎರಡು ಮೂರು ವರ್ಷಕ್ಕೆ ಅಂಚು ಬಾಯ್ಬಿಡುತ್ತೆ. ಬರೆದಿಟ್ಕೋ."

"ಬಿಡ್ಲಿ. ಎರಡು ಮೂರು ವರ್ಷ ನನ್ನಮ್ಮನ ಹತ್ರ ಇದೆಯಾ, ಅದನ್ನ ಹೇಳಿ ಮೊದಲು."

ಅವನು ಕನ್ನಡಕ ಒರೆಸುತ್ತಾ ಹೊರಗೆ ಹೋದ.

ಹೇಗೆ ಕಟ್ಟಬೇಕು ಎಂಬುದು ಅವಳಿಗೆ ಅವನ ಬಾಯಿಂದಲೇ ಗೊತ್ತಿತ್ತು. ಇಷ್ಟು ವರ್ಷ ಊಟದ ಹೊತ್ತಿಗೆಲ್ಲ ದೋಣಿಯ ಮಾತೇ ಕೇಳಿದವಳಲ್ಲವೇ. ಹಲಗೆಯನ್ನು ಆಕಾರಕ್ಕೆ ಕೊಯ್ದು, ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ತಾಮ್ರದ ತಂತಿಯಿಂದ ಹಲಗೆಗೆ ಹಲಗೆ ಹೊಲಿದು, ಹೊಲಿಗೆಯ ಮೇಲೆ ಅಂಟು ಮತ್ತು ಗಾಜಿನ ಎಳೆಯ ಪಟ್ಟಿ ಹಾಕುವ ಒಂದು ವಿಧಾನವಿದೆಯೆಂದು ಅವನೇ ಒಮ್ಮೆ ಹೇಳಿದ್ದ. ಹೇಳಿ, ಮೂಗು ಮುರಿದಿದ್ದ: "ಹೊಲಿದಿದ್ದು ಚೀಲ ಆಗುತ್ತೆ, ದೋಣಿ ಆಗಲ್ಲ." ಬದುಕಿನುದ್ದಕ್ಕೂ ಹೊಲಿದು ಮನೆ ನಡೆಸಿದವಳಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು.

ಉಳಿದ ಸಾಮಾನಿಗೆ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತಂತಿ, ಅಂಟಿನ ಎರಡು ಡಬ್ಬ, ಗಾಜಿನ ಪಟ್ಟಿ ಬಂದರಿನ ಅಂಗಡಿಯಲ್ಲಿ ಸಿಕ್ಕಿದವು. ಸ್ಟೀಲಿನ ಸ್ಕ್ರೂಗಳನ್ನು ಮಾತ್ರ ಸೀಸೆಯ ಪರೀಕ್ಷೆ ನೆನೆದು ತಂದಳು. ದೋಣಿ ಮಗುಚಿದರೂ ತೇಲಲೆಂದು ಸೀಟಿನ ಕೆಳಗೆ ತುಂಬಲು ಫೋಮ್ ಬೇಕಿತ್ತು. ಕಾರ್ಖಾನೆಯ ಮೇಸ್ತ್ರಿ ಮೆತ್ತನೆಯ ಹಾಸಿಗೆ ಚೂರು ಒಟ್ಟುಮಾಡಿ ಕೊಡಲು ಬಂದ. "ಇದು ನೀರು ಕುಡಿಯುತ್ತೆ, ಮುಳುಗ್ಸೋ ಯೋಚ್ನೆ ಇದೆಯಾ?" ಎಂದು ಅವನನ್ನು ಗದರಿ, ಪ್ಯಾಕಿಂಗಿಗೆ ಬಳಸುವ ಗಟ್ಟಿ ಬಿಳಿ ಹಾಳೆಗಳನ್ನು ಕೇಳಿ ತಂದಳು.

ಹಿತ್ತಲಲ್ಲಿ ಹೊಲಿಗೆ ಶುರುವಾಯಿತು. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ತಂತಿ ಬಿಗಿಯುತ್ತ ಹೋದಂತೆ ಮೆಲ್ಲಗೆ ಮೇಲೆದ್ದು ಬಾಗಿದವು. ಪಕ್ಕ ನಿಂತು, ತಂತಿಯನ್ನು ಇಕ್ಕಳದಿಂದ ತಿರುಚಿ, ಮೊಣಕಾಲು ಒತ್ತಿಕೊಟ್ಟು ಎಳೆಯುವಾಗ ಅವಳಿಗೆ ಅದು ಹಾಸಿಗೆಯ ಅಂಚೇ ಅನ್ನಿಸಿತು. ಇಷ್ಟೇ ವ್ಯತ್ಯಾಸ: ಹಾಸಿಗೆ ತಿರುಗಿ ಒದೆಯುವುದಿಲ್ಲ, ಹಲಗೆ ಒದೆಯಿತು. ಮೊದಲ ಸಲ ಅಂಚು ಜಾರಿ ಅವಳ ಮುಂಗೈ ಸೀಳಿತು. ಬೈದುಕೊಂಡು ಮತ್ತೆ ಎಳೆದಳು.

ಗಂಡ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ. ಬಾ ಎಂದು ಅವಳು ಕರೆಯಲಿಲ್ಲ, ಬರಲೇ ಎಂದು ಅವನು ಕೇಳಲಿಲ್ಲ.

ಅಂಟಿನಲ್ಲಿ ಅವಳು ಎಡವಿದಳು. ಎರಡು ಡಬ್ಬದ ದ್ರವವನ್ನು ಬೆರೆಸುವುದು ಗೊತ್ತಿತ್ತು, ಆದರೆ ಅಳತೆಗೆ ಬದಲು ಅಂದಾಜಿಗೆ ಸುರಿದಳು. ಮರುದಿನ ಮುಟ್ಟಿದರೆ ಬೆಲ್ಲದ ಪಾಕದಂತೆ ಜಿಗಿಜಿಗಿ. ಅದರ ಮರುದಿನವೂ ಅಷ್ಟೇ. ಮೂರನೆಯ ದಿನ ಅವಳು ಅಂಟು ಕಲಸುವ ಕೋಲನ್ನು ಗೋಡೆಗೆ ಎಸೆದು ಅಮ್ಮನ ಬಳಿಗೆ ಬಸ್ಸು ಹತ್ತಿದಳು.

ತಿರುಗಿ ಬಂದಾಗ ಗಂಡ ದೋಣಿಯೊಳಗೆ ಮಂಡಿಯೂರಿ ಕುಳಿತಿದ್ದ. ಅಂಟೆಲ್ಲ ಕೆರೆದು ತೆಗೆದಿದ್ದ. ಬಟ್ಟೆಯೂ ಮೊಣಕೈಯೂ ಕೊಳಕಾಗಿದ್ದವು.

"ಎರಡಕ್ಕೆ ಒಂದು," ಎಂದ ತಲೆಯೆತ್ತದೆ. "ಲೋಟದಲ್ಲಿ ಅಳೆದು ಹಾಕ್ಬೇಕು. ಮರದ ಹುಡಿ ಬೆರೆಸಿದ್ರೆ ಸಂದು ತುಂಬುತ್ತೆ."

ಅವನೇ ಬೆರೆಸಿದ. ಅವನ ಕೈ ಎಲ್ಲೂ ತಡವರಿಸಲಿಲ್ಲ. ಹುಡಿ ಬೆರೆಸಿದ ಅಂಟನ್ನು ಹಳೆಯ ಚಮಚದ ಬೆನ್ನಿನಿಂದ ಸಂದಿಗೆ ಎಳೆದರೆ ಕೇಕಿನ ಮೇಲಿನ ಕೆನೆಯ ಹಾಗೆ ನಯವಾಗಿ ಕೂರುತ್ತಿತ್ತು. ಮರುದಿನಕ್ಕೆ ಗಾಜಿನ ಪಟ್ಟಿ, ಅದರ ಮರುದಿನಕ್ಕೆ ಹೊರಮೈ. ಆ ವಾರ ಮುಗಿಯುವಷ್ಟರಲ್ಲಿ ದೋಣಿ ಕಲ್ಲಿನಂತೆ ಗಟ್ಟಿಯಾಗಿತ್ತು, ಬಡಿದರೆ ಠಣ್ಣೆನ್ನುತ್ತಿತ್ತು.

ಬೇರೆಯವಳಾಗಿದ್ದರೆ ಆ ಹೊತ್ತಿಗೆ ಕರಗುತ್ತಿದ್ದಳೇನೋ. ಅವಳು ಕರಗಲಿಲ್ಲ. ಒಂದು ವಾರ! ಅವನಿಂದ ಒಂದು ವಾರದಲ್ಲಿ ಆಗುವ ಕೆಲಸವಿದು. ಹಾಗಾದರೆ ಅಷ್ಟೊಂದು ವರ್ಷ? ಬಸ್ಸಿನಲ್ಲಿ ತೂಕಡಿಸಿದ ಸಂಜೆಗಳು, ತಡವಾಗಿ ತಲುಪಿ ಅಮ್ಮನನ್ನು ನಿದ್ದೆಯಲ್ಲೇ ನೋಡಿ ಬಂದ ದಿನಗಳು, ಹೋಗಲಾರದೆ ಮಾಳಿಗೆಯಿಂದ ತಮ್ಮನ ಮನೆಯ ತಗಡಿನ ಸೂರು ನೋಡಿ ಇಳಿದ ದಿನಗಳು? ಅವನಿಗೆ ಬರುವುದಿಲ್ಲ ಎಂದುಕೊಂಡಿದ್ದಾಗ ಸಿಟ್ಟಿಗೆ ಒಂದು ಮಿತಿಯಿತ್ತು. ಬರುತ್ತದೆ ಎಂದು ಗೊತ್ತಾದ ಮೇಲೆ ಅದು ಕಟ್ಟೆಯೊಡೆಯಿತು. ಬಣ್ಣ ಬಳಿಯುವಾಗ ಅವನು, "ನೀಲಿ ಚೆನ್ನಾಗಿರುತ್ತಾ, ಬೂದೀನಾ?" ಎಂದು ಬಾಯಿ ತೆಗೆದ. ಅವಳು ಅವನ ಮುಖ ನೋಡಿದ ರೀತಿಗೆ ಅವನು ಬ್ರಷ್ ಅವಳ ಕೈಗಿಟ್ಟ. ಮನೆಯಲ್ಲಿ ಉಳಿದಿದ್ದ ಬಾಗಿಲಿನ ಕಂದು ಬಣ್ಣವನ್ನೇ ಅವಳು ಬಳಿದಳು.

ನೀರಿಗಿಳಿಸುವಾಗ ಬೀದಿಯೇ ದಡಕ್ಕೆ ಬಂದಿತ್ತು. ಮುಳುಗಿದರೆ ನೋಡಲು ಬಂದವರೇ ಹೆಚ್ಚು. ದೋಣಿ ಮುಳುಗಲಿಲ್ಲ. ಸ್ವಲ್ಪ ಎಡಕ್ಕೆ ವಾಲಿ, ಸರಿಪಡಿಸಿಕೊಂಡು, ಬಾತುಕೋಳಿಯ ಹಾಗೆ ಕುಳಿತುಕೊಂಡಿತು. ಅವಳು ಚಿಕ್ಕಂದಿನಲ್ಲಿ ಅಪ್ಪನ ದೋಣಿಗೆ ಹುಟ್ಟು ಹಾಕಿದವಳು, ತೋಳಿಗೆ ಮರೆತಿರಲಿಲ್ಲ. ಗಂಡ ಎದುರು ಸೀಟಿನಲ್ಲಿ ಎರಡೂ ಅಂಚು ಬಿಗಿಯಾಗಿ ಹಿಡಿದು ಕುಳಿತ.

ನಡುನೀರಿಗೆ ಬಂದಿದ್ದರು. ಅವನು ಗಂಟಲು ಸರಿಮಾಡಿಕೊಂಡ.

"ನೀನು ಬಲಗಡೆ ಜಾಸ್ತಿ ಎಳೀತಿದ್ದೀಯ. ದೋಣಿ ಓರೆ ಹೋಗ್ತಿದೆ. ಹುಟ್ಟು ಸ್ವಲ್ಪ ಉದ್ದ ಆರಿಸಿದ್ರೆ…"

ಅವಳು ಎರಡೂ ಹುಟ್ಟು ಒಳಗೆಳೆದು ಅವನ ಕಾಲಬುಡಕ್ಕೆ ಹಾಕಿದಳು. "ತಗೊಳ್ಳಿ. ನೀವೇ ಹೊಡೀರಿ."

"ನಂಗೆಲ್ಲಿ ಬರುತ್ತೆ?"

"ದೋಣಿ ಬಗ್ಗೆ ಗೊತ್ತಿಲ್ಲದ್ದು ಏನಾದ್ರೂ ಇದೆಯಾ ನಿಮಗೆ? ಹೊಡೀರಿ!"

ತಡಕಾಡುತ್ತ ಜಾಗ ಬದಲಿಸಿಕೊಂಡು ಅವನು ಹುಟ್ಟು ಹಿಡಿದ. ಒಂದು ನೀರಿಗೆ ತಾಗಿತು, ಇನ್ನೊಂದು ಗಾಳಿಗೆ. ದೋಣಿ ಇದ್ದಲ್ಲೇ ಸುತ್ತತೊಡಗಿತು. ದಡದಲ್ಲಿ ಯಾರೋ ಸಿಳ್ಳೆ ಹಾಕಿದರು. ಅವನ ಕಿವಿ ಕೆಂಪಾದವು.

"ಸಾಕು ಬಿಡೇ. ಎಲ್ಲರೂ ನಗ್ತಿದ್ದಾರೆ. ಇದಕ್ಕೇ… ತಪ್ಪು ಮಾಡಿದ್ರೆ ಎಲ್ಲರೂ ನಗ್ತಾರೆ ಅಂತಲೇ…"

ಅವಳಿಗೆ ಅರ್ಥವಾಯಿತು; ಅರ್ಥವಾಗಿಯೇ ಮೈ ಉರಿಯಿತು.

"ಅದಕ್ಕಾ? ನಗ್ತಾರೆ ಅಂತಾನಾ? ಇಷ್ಟು ವರ್ಷ ನಗ್ತಿರ್ಲಿಲ್ವಾ? ಹಡಗಪ್ಪ ಅಂತ ಕರೀತಾರಲ್ಲ, ಯಾಕೆ ಅಂದ್ಕೊಂಡಿದ್ದೀಯಾ ನೀನು?"

ಮದುವೆಯಾದ ಮೇಲೆ ಮೊದಲ ಸಲ ಅವಳ ಬಾಯಲ್ಲಿ ಅವನು 'ನೀನು' ಆಗಿದ್ದ. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಹುಟ್ಟು ಬಿಟ್ಟು ಅವಳನ್ನೇ ನೋಡಿದ.

"ಗೌರವಕ್ಕೆ," ಎಂದ ಸಣ್ಣ ದನಿಯಲ್ಲಿ. "ದೋಣಿ ವಿಷಯ ತಿಳಿದವನು ಅಂತ… ಗೌರವಕ್ಕೆ ಅಲ್ವಾ?"

ಅವಳು ಬಾಯಿ ತೆಗೆದವಳು ಹಾಗೇ ಮುಚ್ಚಿದಳು. ಹೇಳಿಬಿಡಬಹುದಿತ್ತು; ಹೇಳಲಿಲ್ಲ. ಹೇಳದಿದ್ದರೂ ಅವನಿಗೆ ತಿಳಿಯಿತು. ದೋಣಿಯಲ್ಲಿ ಮುಖ ತಿರುಗಿಸಿ ಎದ್ದು ಹೋಗಲು ಜಾಗವಿರಲಿಲ್ಲ, ಆದ್ದರಿಂದ ಇಬ್ಬರೂ ಎದುರುಬದುರು ಕುಳಿತೇ ಇದ್ದರು.

"ನನ್ನ ಅಮ್ಮ ಆ ಕಡೆ ಒಬ್ಬಳೇ ಮುದುಕಿ ಆದಳು," ಎಂದಳು ಅವಳು ಕೊನೆಗೆ. ದನಿ ಇಳಿದಿತ್ತು, ಕೋಪ ಇಳಿದಿರಲಿಲ್ಲ. "ಅದನ್ನ ನಾನು ಮರೆಯಲ್ಲ. ನೀವು ಎಷ್ಟು ಚೆನ್ನಾಗಿ ಅಂಟು ಹಾಕಿದ್ರೂ ಮರೆಯಲ್ಲ. ಈಗ ಹುಟ್ಟು ಹಿಡೀರಿ. ಎರಡನ್ನೂ ಒಟ್ಟಿಗೆ ಎಳೀಬೇಕು. ಹಾಂ, ಹಾಗೆ."

ತಮ್ಮನ ಮನೆಯ ದಡ ತಲುಪುವಷ್ಟರಲ್ಲಿ ಅವನ ಅಂಗೈಯಲ್ಲಿ ಬೊಕ್ಕೆಯೆದ್ದಿತ್ತು. ಅಮ್ಮ ಮಲಗಿದಲ್ಲಿಂದಲೇ ಕಿಟಕಿಯಲ್ಲಿ ನೋಡಿದ್ದಳು. "ಮೂರು ಸಲ ಬಂದು ನೋಡಿದ ಹುಡುಗ ಅಲ್ವಾ? ಅಂತೂ ದಾಟಿ ಬಂದ," ಎಂದಳು.

ಆಮೇಲಿನದು ಉದ್ದದ ಕತೆಯೇನಲ್ಲ. ಸಂಜೆ ಸಂಜೆ ಅವಳು ದಾಟಿಹೋದಳು. ಅಮ್ಮನ ಜೊತೆ ಕೂತು ಮಾತಾಡಲು, ಜಗಳವಾಡಲು, ಸುಮ್ಮನಿರಲು ಹೊತ್ತು ಸಿಕ್ಕಿತು. ಅಮ್ಮ ಕೋಲು ಹಿಡಿದು ಅಂಗಳದವರೆಗೆ ನಡೆದಳು. ಒಂದು ದಿನ ಹಠ ಹಿಡಿದು ದೋಣಿಯಲ್ಲಿ ಕೂತು ಮಗಳ ಮನೆಗೂ ಬಂದು, ಊಟಕ್ಕೆ ಉಪ್ಪು ಕಡಿಮೆಯೆಂದು ಹೇಳಿ ಹೋದಳು. ಎರಡನೆಯ ವರ್ಷ ಹಲಗೆಯ ಅಂಚು ಬಾಯಿಬಿಟ್ಟಿತು. "ನಾನು ಹೇಳಿರಲಿಲ್ವಾ," ಎಂದ ಗಂಡ. ಅವಳು ಅವನ ಕೈಗೆ ಅಂಟಿನ ಲೋಟ ಕೊಟ್ಟಳು. ಅವನು ತೇಪೆ ಹಾಕಿದ. ಅದೇ ವರ್ಷ ಅಮ್ಮ ಹೋದಳು. ಹೋಗುವಾಗ ಅವಳ ತಲೆ ಮಗಳ ತೊಡೆಯ ಮೇಲಿತ್ತು, ಬಸ್ಸಿನ ಹೊತ್ತಾಯಿತೆಂದು ಯಾರೂ ಎಬ್ಬಿಸಲಿಲ್ಲ.

ಅಮ್ಮನಿಲ್ಲದ ಮನೆಯಲ್ಲಿ ಪಾತ್ರೆಪಗಡ ಹಂಚಿಕೊಳ್ಳಲು ಕರೆದ ದಿನ ತಮ್ಮ ಮೆಲ್ಲಗೆ ಮಾತು ತೆಗೆದ: "ಅಕ್ಕ, ಇನ್ನು ನಿಂಗೆ ದೋಣಿ ಯಾಕೆ? ಇಲ್ಲೇ ಬಿಟ್ಟು ಹೋಗು. ನಂಗೆ ಮೀನು ಹಿಡಿಯೋಕಾಗುತ್ತೆ. ಹೇಗೂ ಹಳೇ ಹಲಗೆ."

ಅವಳು ಕೈಯಲ್ಲಿದ್ದ ತಟ್ಟೆಗಳನ್ನು ನೆಲಕ್ಕಿಟ್ಟಳು. "ಅಮ್ಮನ್ನ ಮಗ್ಗುಲು ಬದಲಾಯ್ಸೋವಾಗ ಗೋಡೆಗೆ ಒರಗಿ ನಿಂತಿದ್ದೆಯಲ್ಲ, ಆಗ ಕೇಳ್ಬೇಕಿತ್ತು ದೋಣಿ. ಹಳೇ ಹಲಗೆಯಂತೆ! ಹೊಲಿಯೋಕೆ ಒಂದು ತೂತು ಕೊರೆದು ನೋಡು ನೀನು. ಒಂದೇ ಒಂದು!"

ತಟ್ಟೆ ಅಲ್ಲೇ ಬಿಟ್ಟು ದಡಕ್ಕೆ ಬಂದಳು, ಹಗ್ಗ ಬಿಚ್ಚಿದಳು. ದೋಣಿಯ ತುಂಬ ಅವಳ ದನಿ. ತಮ್ಮನ ಸೋಮಾರಿತನ, ಅವನ ಹೆಂಡತಿಯ ಬಿಂಕ, ಚಿಕ್ಕಂದಿನಲ್ಲಿ ಅವನು ಕದ್ದು ತಿಂದ ಬೆಣ್ಣೆ, ಯಾವುದನ್ನೂ ಬಿಡದೆ, ಒಂದೊಂದು ಬೈಗುಳಕ್ಕೆ ಒಂದೊಂದು ಹುಟ್ಟು. ಈಚೆ ದಡ ಬಂದಾಗ ಬೈಗುಳ ಇನ್ನೂ ಮುಗಿದಿರಲಿಲ್ಲ. ಉಳಿದದ್ದನ್ನು ಹಗ್ಗ ಬಿಗಿಯುತ್ತಾ ಮುಗಿಸಿ ಮನೆಗೆ ನಡೆದಳು.